ಅಚ್ಚಣ್ಣನ ತುಟಿಮಾತು

ದೊಡ್ಡಮ್ಮನ ಡಬ್ಬಿ ಕಾರ್ಖಾನೆಗೆ ಲೆಕ್ಕಪತ್ರ ನೋಡಿಕೊಳ್ಳಲು ಸೇರಿದ ಮೊದಲ ದಿನ, ಇಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ ಎಂದುಕೊಂಡೆ. ಕೆಲವು ದಿನ ಕಳೆದ ಮೇಲೆ ಗೊತ್ತಾಯಿತು, ಇಲ್ಲಿ ಯಾರೂ ಒಂದು ಗಳಿಗೆಯೂ ಬಾಯಿ ಮುಚ್ಚುವುದಿಲ್ಲ ಎಂದು.

ತಗಡು ಕತ್ತರಿಸುವ, ಬಗ್ಗಿಸುವ, ಒತ್ತುವ ಪ್ರೆಸ್ಸುಗಳು ಬೆಳಿಗ್ಗೆ ಶುರುವಾದರೆ ನಮ್ಮ ಕೂಗು ನಮಗೇ ಕೇಳಿಸುತ್ತಿರಲಿಲ್ಲ. ಹಾಗಾಗಿ ಅಲ್ಲಿನವರು ಕೂಗುವುದನ್ನು ಯಾವತ್ತೋ ಬಿಟ್ಟಿದ್ದರು. ದನಿಯನ್ನು ಪೂರ್ತಿ ಅಡಗಿಸಿ, ತುಟಿಯನ್ನು ಹಿಗ್ಗಿಸಿ ಕುಗ್ಗಿಸಿ, ಬರೀ ಬಾಯಿಯ ಆಕಾರದಲ್ಲಿ ಮಾತಾಡುತ್ತಿದ್ದರು. ಪ, ಬ, ಮ ಮೂರೂ ತುಟಿಗೆ ಒಂದೇ ಆದ್ದರಿಂದ ಮೂಗಿಗೋ ಗಲ್ಲಕ್ಕೋ ಬೆರಳು ತಾಗಿಸಿ ಬೇರೆ ಮಾಡುತ್ತಿದ್ದರು. ಓದುವವರ ತುಟಿಯೂ ತಾನಾಗಿಯೇ ಜೊತೆಗೆ ಅಲ್ಲಾಡುತ್ತಿತ್ತು. ಈ ಕೊನೆಯ ಪ್ರೆಸ್ಸಿನವನು ಆ ಕೊನೆಯವಳಿಗೆ ತನ್ನ ಅತ್ತೆಯ ಮಂಡಿನೋವಿನ ಕಥೆಯನ್ನು ಹೇಳಿ ಮುಗಿಸುವಷ್ಟರಲ್ಲಿ ನಡುವಿನವರೆಲ್ಲ ಅದಕ್ಕೆ ಔಷಧಿ ಸೂಚಿಸಿ ಆಗಿರುತ್ತಿತ್ತು. ಆ ಗದ್ದಲದ ಒಳಗೆ ಅಷ್ಟೊಂದು ನಿಶ್ಶಬ್ದವಾದ ಹರಟೆ ಇದ್ದದ್ದು ನನಗೆ ಬಹಳ ಹಿಡಿಸಿತು. ನಾನು ಅದನ್ನು ಬೇಗನೆ ಕಲಿತೆ.

ಆದರೆ ಒಂದು ವಿಚಿತ್ರವಿತ್ತು. ಬೇರೆಯವರು ಗುಟ್ಟು ಹೇಳುವಾಗ ದನಿ ತಗ್ಗಿಸುತ್ತಾರೆ. ಇವರು ದನಿ ಅಡಗಿಸಿ ತುಟಿ ದೊಡ್ಡದು ಮಾಡುತ್ತಿದ್ದರು. ಗುಟ್ಟು ದೊಡ್ಡದಾದಷ್ಟೂ ತುಟಿ ದೊಡ್ಡದು. ಮನೆಯಲ್ಲೂ ಹಾಗೆಯೇ ಅಂತೆ. ಪ್ಯಾಕಿಂಗ್ ವಿಭಾಗದಲ್ಲಿ ಕಟ್ಟುಗಳಿಗೆ ದಾರ ಬಿಗಿಯುವ ಹೆಂಗಸನ್ನು ಎಲ್ಲರೂ ದಾರದಕ್ಕ ಎನ್ನುತ್ತಿದ್ದರು. ಅವಳೇ ಒಮ್ಮೆ ನಕ್ಕು ಹೇಳಿದ್ದಳು: "ನಮ್ಮನೆಯವರು ಅಂತಾರೆ, ನೀನು ಗುಟ್ಟು ಹೇಳೋದನ್ನ ನೋಡಿದ್ರೆ ಹಲ್ಲಿನ ಡಾಕ್ಟ್ರ ಮುಂದೆ ಕೂತ ಹಾಗಿರುತ್ತೆ ಅಂತ."

ಕಾರ್ಖಾನೆಯ ಜೀವವೆಲ್ಲ ಒಂದು ಅಚ್ಚಿನಲ್ಲಿತ್ತು. ಎರಡು ಕೈಯಲ್ಲಿ ಎತ್ತಬೇಕಾದ ಉಕ್ಕಿನ ಗುಂಡನೆಯ ಅಚ್ಚು. ಬಿಸ್ಕತ್ ಡಬ್ಬಿಗಳ ಮುಚ್ಚಳಕ್ಕೆ ಒಳಗಡೆ ಅಂಚು ಬಗ್ಗಿಸಿ ಒಂದು ಸಣ್ಣ ಮಡಿಕೆ ಕೊಡುತ್ತಿದ್ದದ್ದು ಅದೇ. ಆ ಮಡಿಕೆಯಿಂದಾಗಿ ನಮ್ಮ ಮುಚ್ಚಳ ಬೆರಳಿನಿಂದ ಒತ್ತಿದರೆ 'ಟಪ್' ಎಂದು ಕೂರುತ್ತಿತ್ತು, ಬೆರಳಿನಿಂದಲೇ ಏಳುತ್ತಿತ್ತು, ನಡುವೆ ಇರುವೆಗೂ ತೇವಕ್ಕೂ ದಾರಿಯಿರಲಿಲ್ಲ. ಪಕ್ಕದ ಬೀದಿಯಲ್ಲಿ ನಮಗಿಂತ ದೊಡ್ಡ ಕಾರ್ಖಾನೆ ಇತ್ತು. ಅದರ ಯಜಮಾನನ ಮೀಸೆ ಎಷ್ಟು ದಪ್ಪವಿತ್ತೆಂದರೆ ಬಾಯಿ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಮೀಸೆ ಸಾಹುಕಾರ ಎಂದೇ ಅವನ ಹೆಸರು. ಅವನ ಡಬ್ಬಿಗಳನ್ನು ಚಮಚದ ಹಿಡಿಯಿಂದ ಮೀಟಬೇಕಿತ್ತು. ಬಿಸ್ಕತ್ ಕಂಪನಿಯವರು ದೊಡ್ಡಮ್ಮನನ್ನು ಬಿಟ್ಟು ಹೋಗದಿರಲು ಆ ಮಡಿಕೆಯೊಂದೇ ಕಾರಣ.

ಅಚ್ಚನ್ನು ಪ್ರೆಸ್ಸಿಗೆ ಕೂರಿಸಲು ಬರುತ್ತಿದ್ದದ್ದು ಒಬ್ಬನಿಗೆ ಮಾತ್ರ. ಅಂಗೈಯನ್ನು ಪ್ರೆಸ್ಸಿನ ಪಕ್ಕಕ್ಕೆ ಒತ್ತಿ ಹಿಡಿದು, ಅದರ ನಡುಕ ಕೈಗೆ ಹತ್ತುವವರೆಗೆ ಸುಮ್ಮನೆ ನಿಂತು, ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತಿದ್ದ. ಅವನನ್ನು ಅಚ್ಚಣ್ಣ ಎನ್ನುತ್ತಿದ್ದರು. ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಬಳಕೆಗೆ ಬರುತ್ತಿರಲಿಲ್ಲ.

ಹಳೆಯ ಸೂಪರ್‌ವೈಸರ್ ಕೆಲಸ ಬಿಟ್ಟಾಗ ಆ ಜಾಗ ತನಗೇ ಎಂದು ಅಚ್ಚಣ್ಣ ನಂಬಿದ್ದ. ಯಾರನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ, ಮನಸ್ಸಿನಲ್ಲೇ ಆ ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ದೊಡ್ಡಮ್ಮ ಅದನ್ನು ತನ್ನ ಅಳಿಯನಿಗೆ, ಅಂದರೆ ನನ್ನ ಭಾವನಿಗೆ ಕೊಟ್ಟಳು. ಭಾವ ಒಳ್ಳೆಯವನೇ. ಆದರೆ ತುಟಿಮಾತು ಅವನಿಗೆ ಹತ್ತಲಿಲ್ಲ. ಪ್ರೆಸ್ಸುಗಳ ಮೇಲೆ ಕೂಗಿ ಕೂಗಿ ಸಂಜೆಯ ಹೊತ್ತಿಗೆ ಅವನ ಗಂಟಲು ಒಡೆದ ಕೊಳಲಿನಂತಾಗುತ್ತಿತ್ತು. ಅವನು ಕೂಗುತ್ತಿದ್ದರೆ ಅಚ್ಚಣ್ಣ ಬೆನ್ನು ತಿರುಗಿಸಿ ಎಣ್ಣೆ ಬಟ್ಟೆ ಹಿಂಡುತ್ತಿದ್ದ. ಆಮೇಲೆ ಮಧ್ಯಾಹ್ನ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟ.

ಎಲ್ಲಿಗೆ ಹೋಗುತ್ತಾನೆ ಎಂದು ಯಾರೂ ವಿಚಾರಿಸಲಿಲ್ಲ. ಒಂದು ಮಧ್ಯಾಹ್ನ ದಾರದಕ್ಕ ಪ್ಯಾಕಿಂಗ್ ಕೋಣೆಯ ಕಿಟಕಿಯ ಹತ್ತಿರ ಕೈ ಒರೆಸಿಕೊಳ್ಳುತ್ತ ನಿಂತಳು. ಎದುರಿಗೆ ಬೇಕರಿ. ನಡುವೆ ಒಂದು ಲಾರಿ ಹೋಗುವಷ್ಟೇ ಅಗಲದ ರಸ್ತೆ.

"ಅಯ್ಯೋ, ಅದು ನಮ್ಮ ಅಚ್ಚಣ್ಣ ಅಲ್ವಾ? ಒಬ್ಬನೇ ಕೂತು ಕೇಕ್ ತಿಂತಿದಾನೆ!"

"ಒಬ್ಬನೇ ಎಲ್ಲಿ? ಎದುರಿಗೆ ಮೀಸೆ ಇದೆಯಲ್ಲ," ಎಂದಳು ಪಕ್ಕದವಳು.

ಎಲ್ಲರೂ ಕಿಟಕಿಗೆ ಬಂದೆವು. ಅಚ್ಚಣ್ಣ ಜಾಣತನ ಮಾಡಿದ್ದ. ಬೀದಿಗೆ ಬೆನ್ನು ಹಾಕಿ ಕೂತಿದ್ದ. ಆದರೆ ಅವನೆದುರಿನ ಗೋಡೆಯ ತುಂಬ, ಅಂಗಡಿ ದೊಡ್ಡದಾಗಿ ಕಾಣಲೆಂದು ಬೇಕರಿಯವನು ಹಾಕಿಸಿದ್ದ ಕನ್ನಡಿ ಇತ್ತು. ಅದರಲ್ಲಿ ಅವನ ಮುಖ ಪೂರ್ತಿ ಕಾಣುತ್ತಿತ್ತು. ಕನ್ನಡಿಯಲ್ಲಿ ಅಕ್ಷರ ತಿರುಗಬಹುದು, ತುಟಿ ತಿರುಗುವುದಿಲ್ಲ. ಮೇಲಾಗಿ ಅವನು ಹೇಳುತ್ತಿದ್ದದ್ದು ಗುಟ್ಟು. ಹಾಗಾಗಿ ಅಭ್ಯಾಸಬಲದಿಂದ ದನಿಯನ್ನು ಪೂರ್ತಿ ಅಡಗಿಸಿಬಿಟ್ಟಿದ್ದ. ಮೀಸೆ ಸಾಹುಕಾರ 'ಏನು? ಏನು?' ಎಂಬಂತೆ ಕಿವಿಗೆ ಕೈ ಹಿಡಿದು ಮುಂದೆ ಬಾಗುತ್ತಿದ್ದ. ಅವನು ಬಾಗಿದಷ್ಟೂ ಅಚ್ಚಣ್ಣ ತುಟಿಯನ್ನು ಇನ್ನಷ್ಟು ದೊಡ್ಡದು ಮಾಡುತ್ತಿದ್ದ.

ನಮ್ಮಲ್ಲಿ ತುಟಿ ಓದುವುದರಲ್ಲಿ ದಾರದಕ್ಕನನ್ನು ಮೀರಿಸಿದವರಿಲ್ಲ. ಅವಳು ಗಟ್ಟಿಯಾಗಿ ಓದತೊಡಗಿದಳು.

"'ನಿನ್ನೆ ಮೊನ್ನೆ ಬಂದ ಅಳಿಯ ಕುರ್ಚಿ ಮೇಲೆ. ನಾನು ಮೂರು ಕಾಲಿನ ಸ್ಟೂಲ್ ಮೇಲೆ.' ಸುಳ್ಳು ನೋಡಿ! ಅದಕ್ಕೆ ನಾಲ್ಕು ಕಾಲಿದೆ."

"ಒಂದು ಗಿಡ್ಡ," ಎಂದರು ಯಾರೋ ಹಿಂದಿನಿಂದ.

"'ನಾನು ಕೈಯಿಂದ ಎಣ್ಣೆ ತೊಳೆಯೋಷ್ಟು ಹೊತ್ತು ಯಾರೂ ಕಾಯಲ್ಲ. ನಾನು ಬರೋ ಹೊತ್ತಿಗೆ ಎಲ್ಲಾ ತಿಂದು ತೇಗ್ತಿರ್ತಾರೆ. ಅದರಲ್ಲೂ ಆ ದಾರದವಳು…'" ದಾರದಕ್ಕ ಗಕ್ಕನೆ ನಿಂತಳು. ಎಲ್ಲರೂ ಬಾಯಿಗೆ ಸೆರಗು, ಕೈ, ಸಿಕ್ಕಿದ್ದನ್ನು ಒತ್ತಿಕೊಂಡರು. "ಏನು ನಗು? ನಾನು ತೇಗೋದು ಗ್ಯಾಸಿಗೆ. ಸುಮ್ನಿರಿ, ಓದೋಕೆ ಬಿಡಿ."

ಮತ್ತೆ ಓದಿದಳು: "'ಬಿಸ್ಕತ್ ಕಂಪನಿಯವರು ಬಂದು ಫೋಟೋ ತೆಗೆದಾಗ, ಅಂಗಿ ಎಣ್ಣೆ ಆಗಿದೆ ಅಂತ ನನ್ನನ್ನ ಪಕ್ಕಕ್ಕೆ ನಿಲ್ಲಿಸಿದ್ರು. ಮುಚ್ಚಳ ನಂದು. ಫೋಟೋ ಅವರದ್ದು.'"

ಇದನ್ನು ಓದುವಾಗ ಅವಳ ದನಿ ಇಳಿದಿತ್ತು. ಬೇರೊಬ್ಬರ ದೂರನ್ನು 'ನಾನು, ನನ್ನ' ಎಂದು ಓದುತ್ತ ಹೋದರೆ ಅದು ನಾಲಿಗೆಗೆ ಅಂಟಿಕೊಳ್ಳುತ್ತದೆಯೋ ಏನೋ. ಅಷ್ಟರಲ್ಲಿ ಕನ್ನಡಿಯ ಅಚ್ಚಣ್ಣ ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡ.

"'ಶನಿವಾರ ಮಧ್ಯಾಹ್ನ ಅಚ್ಚು ತರ್ತೀನಿ. ಕೂರಿಸೋಕೆ ನಾನೂ ಬರ್ತೀನಿ. ನನಗೆ ಗಾಜಿನ ರೂಮು, ಮತ್ತೆ ಒಂದೊಂದು ಮುಚ್ಚಳಕ್ಕೂ ಪಾಲು.'"

ಕೇಕಿನ ಪುಡಿಯನ್ನು ತಟ್ಟೆಯಿಂದ ಬೆರಳಲ್ಲಿ ಒತ್ತಿ ತೆಗೆದು ತಿಂದ. ಅಷ್ಟೂ ಕಾಣುತ್ತಿತ್ತು.

ನಾವೆಲ್ಲ ಓಡಿಹೋದಾಗ ದೊಡ್ಡಮ್ಮ ತನ್ನ ಕೋಣೆಯಲ್ಲಿ ಡಬ್ಬಿಗಳನ್ನು ಕಿವಿಯ ಪಕ್ಕ ಹಿಡಿದು ಮುಚ್ಚಿ ಮುಚ್ಚಿ ಸದ್ದು ನೋಡುತ್ತಿದ್ದಳು. ಅವಳಿಗೆ ದೂರದ್ದು ಕಾಣಿಸುತ್ತಿರಲಿಲ್ಲ. "ಎಲ್ಲಾ ಹೇಳಿ. ಬೈಗುಳ ಇದ್ರೆ ಅದನ್ನೂ ಬಿಡಬೇಡಿ," ಎಂದಳು. ದಾರದಕ್ಕ ಹೇಳಿದಳು, ತೇಗಿನ ಭಾಗ ಒಂದನ್ನು ಬಿಟ್ಟು. ಅದನ್ನು ಉಳಿದವರು ಸೇರಿಸಿದರು.

ಭಾವ ಎದ್ದು ನಿಂತ. "ಇವತ್ತೇ ಮನೆಗೆ ಕಳಿಸೋಣ ಅತ್ತೆ. ಅಚ್ಚನ್ನ ಬೀರುವಿನಲ್ಲಿಟ್ಟು ಬೀಗ ಹಾಕೋಣ."

"ಅಚ್ಚಿಗೆ ಬೀಗ ಹಾಕಬಹುದು ಅಳಿಯಂದ್ರೇ. ಅವನ ಅಂಗೈಗೆ ಎಲ್ಲಿ ಹಾಕ್ತೀರಿ? ಅವನು ಅಲ್ಲಿಗೆ ಹೋಗಿ ಇನ್ನೊಂದು ಅಚ್ಚು ಮಾಡ್ಕೋತಾನೆ. ಅವನಿಲ್ಲದೆ ನಮ್ಮ ಹತ್ರ ಇರೋದು ಬರೀ ಕಬ್ಬಿಣ. ಬಾಗಿಲಿಗೆ ಆನಿಸೋಕಾಗುತ್ತೆ, ಅಷ್ಟೆ."

"ಹಾಗಾದ್ರೆ ಸಂಬಳ ಜಾಸ್ತಿ ಮಾಡಿಬಿಡಿ."

"ಮೀಸೆ ಅದಕ್ಕಿಂತ ಜಾಸ್ತಿ ಅಂತಾನೆ. ಹರಾಜಿಗೆ ಕೂತ್ರೆ ನಾವು ಗೆಲ್ಲೋದಿಲ್ಲ." ದೊಡ್ಡಮ್ಮ ಒಂದು ಮುಚ್ಚಳವನ್ನು ಟಪ್ ಎನಿಸಿ ಮತ್ತೆ ತೆಗೆದಳು. "ಅವನು ಮಾಡ್ತಿರೋದು ದ್ರೋಹ. ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅವನು ಹೇಳಿದ್ರಲ್ಲಿ ಸುಳ್ಳು ಯಾವುದು?"

ಅವಳು ಡಬ್ಬಿಯನ್ನು ಕೆಳಗಿಟ್ಟು ದಾರದಕ್ಕನ ಕಡೆ ತಿರುಗಿದಳು.

"ಸ್ಟೂಲಿನ ಕಾಲು ಗಿಡ್ಡ ಇರೋದು ನಿಜವಾ?"

"ನಿಜ ಅಮ್ಮಾ," ಎಂದಳು ದಾರದಕ್ಕ.

"ಹಾಗಾದ್ರೆ ಅಲ್ಲಿಂದ ಶುರು ಮಾಡಿ. ನಮಗೆ ಗೊತ್ತಾಗಿದೆ ಅಂತ ಯಾರೂ ಬಾಯಿ ಬಿಡಬಾರದು." ಒಂದು ಕ್ಷಣ ಯೋಚಿಸಿ ಸೇರಿಸಿದಳು: "ತುಟಿಯನ್ನೂ ಬಿಡಬಾರದು."

ಮರುದಿನ ಬೆಳಿಗ್ಗೆ ಸ್ಟೂಲಿನ ಜಾಗದಲ್ಲಿ ಕೈ ಇಟ್ಟುಕೊಳ್ಳುವ ಕುರ್ಚಿ ಇತ್ತು, ಅದರ ಮೇಲೆ ಹೂವಿನ ಬಟ್ಟೆಯ ದಿಂಬು. ಅಚ್ಚಣ್ಣ ಅದರ ಸುತ್ತ ಒಂದು ಸುತ್ತು ಬಂದ.

"ಇದು ಯಾರಿಗೆ?"

"ನಿನಗೇ ಅಚ್ಚಣ್ಣ," ಎಂದಳು ದಾರದಕ್ಕ.

"ಯಾಕೆ? ನನಗೇನಾಗಿದೆ?"

"ಏನೂ ಆಗಿಲ್ಲ. ಕೂತ್ಕೋ."

ದಿಂಬನ್ನು ಎತ್ತಿ ಕೆಳಗೆ ನೋಡಿದ. ಒತ್ತಿ ನೋಡಿದ. ಕೊನೆಗೆ, ಮುಳ್ಳಿನ ಮೇಲೆ ಕೂರುವವನಂತೆ ಕೂತ.

ಮಧ್ಯಾಹ್ನ ನಾನೇ ಹೋಗಿ ಊಟಕ್ಕೆ ಕರೆದೆ. ಹೊರಗೆ ಹೋಗಲು ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ಬಿಚ್ಚಿ, ನಮ್ಮನ್ನು ಪರೀಕ್ಷಿಸಲೆಂದೇ ಕೈ ತೊಳೆಯಲು ನಿಂತ. ಮೊಣಕೈವರೆಗೆ ತೊಳೆದ. ಉಗುರಿನ ಸಂದಿಯ ಎಣ್ಣೆಯನ್ನು ಕಡ್ಡಿಯಿಂದ ಕೆರೆದ. ಕಿವಿಯ ಹಿಂದೆ ತೊಳೆದ. ನಾವು ಮುಚ್ಚಿದ ಊಟದ ಡಬ್ಬಿಗಳ ಮುಂದೆ ಹಸಿದ ಹೊಟ್ಟೆಯಲ್ಲಿ ಕೂತಿದ್ದೆವು. ಕೊನೆಗೆ ಬಂದು ಬಾಗಿಲಲ್ಲಿ ನಿಂತ.

"ಇನ್ನೂ ತಿಂದಿಲ್ವಾ?"

"ನೀನಿಲ್ದೆ ಹ್ಯಾಗೆ ಅಚ್ಚಣ್ಣ?" ಎಂದಳು ದಾರದಕ್ಕ. ಅವಳ ಹೊಟ್ಟೆ ಅದೇ ಹೊತ್ತಿಗೆ ಗುರ್ ಎಂದಿತು.

ಆಮೇಲೆ ಫೋಟೋ. ದೊಡ್ಡಮ್ಮ ಸ್ಟುಡಿಯೋದವನನ್ನೇ ಕರೆಸಿದಳು. ಅಚ್ಚಣ್ಣ ಅಂಗಿ ಬದಲಾಯಿಸಿ ಬರುತ್ತೇನೆಂದ. "ಎಣ್ಣೆ ಅಂಗಿಯೇ ಇರಲಿ. ಮುಚ್ಚಳ ಮಾಡೋದು ಅದು," ಎಂದಳು. ಬಾಗಿಲಿನ ಪಕ್ಕ ಆ ಫೋಟೋ ತೂಗುಬಿತ್ತು: ಅಚ್ಚಣ್ಣ ಅಚ್ಚನ್ನು ಕೂಸಿನಂತೆ ಎತ್ತಿಕೊಂಡು, ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದಾನೆ.

ಕಷ್ಟವಾದದ್ದು ಭಾವನಿಗೆ. ಆದರೂ ಮಾಡಿದ. "ನಾನು ಸ್ವಲ್ಪ ದಿನ ಪ್ರೆಸ್ಸುಗಳ ಹತ್ತಿರ ನಿಂತು ಕೆಲಸ ಕಲೀತೀನಿ. ಅಲ್ಲಿವರೆಗೆ ನನ್ನ ರೂಮಿನಲ್ಲಿ ನೀವು ಕೂತ್ಕೊಳ್ಳಿ," ಎಂದು ಒಡೆದ ಗಂಟಲಲ್ಲಿ ಹೇಳಿದ. ಅಚ್ಚಣ್ಣ ಸೂಪರ್‌ವೈಸರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಊಟದ ಹೊತ್ತಿಗಿಂತ ಮುಂಚೆಯೇ ಹೊರಗೆ ಬಂದ.

"ಏನಾಯ್ತು?" ಎಂದು ತುಟಿಯಲ್ಲಿ ಕೇಳಿದೆ.

"ಒಳಗೆ ಕಿವಿ ಕೇಳುತ್ತೆ. ಹಿಂಸೆ," ಎಂದು ತುಟಿಯಲ್ಲೇ ಹೇಳಿದ.

ಇಷ್ಟಾದ ಮೇಲೆ ಅವನು ಸಂತೋಷವಾಗಿರಬೇಕಿತ್ತು. ಅವನ ಮುಖ ದಿನದಿನಕ್ಕೆ ಬಾಡಿತು. ಕನ್ನಡಕ ಕಳೆದುಕೊಂಡವನಂತೆ ಕಾರ್ಖಾನೆಯಲ್ಲೆಲ್ಲ ಏನನ್ನೋ ಹುಡುಕುತ್ತ ಓಡಾಡುತ್ತಿದ್ದ. ದಿಂಬು ತೀರಾ ಮೆತ್ತಗಿದೆ ಎಂದ. ದಾರದಕ್ಕ ಒಂದಿಷ್ಟು ಹತ್ತಿ ತೆಗೆದು ಹೊಲಿದುಕೊಟ್ಟಳು. ಫೋಟೋದಲ್ಲಿ ತನ್ನ ಎಡಗಿವಿ ಬಂದಿಲ್ಲ ಎಂದ. "ಅದಕ್ಕೇನು, ಕಿವಿದೇ ಬೇರೆ ಫೋಟೋ ತೆಗೆಸೋಣ," ಎಂದರು ಎಲ್ಲರೂ ಒಟ್ಟಿಗೆ. ಅವನಿಗೆ ಜಗಳವಾಡಲು ಜನವೇ ಸಿಗಲಿಲ್ಲ.

ಶುಕ್ರವಾರ ನನ್ನ ಮೇಜಿನ ಹತ್ತಿರ ಬಂದು ನಿಂತ.

"ನೀವು ಓದಿದವರು. ನೀವು ಹೇಳಿ. ಇವರೆಲ್ಲ ಯಾಕೆ ಹೀಗಾಗಿದಾರೆ?"

"ಹೀಗೆ ಅಂದ್ರೆ?"

"ಒಳ್ಳೆಯವರಾಗಿ." ಆ ಮಾತನ್ನು ಅವನು ಬೈಗುಳದಂತೆ ಹೇಳಿದ. "ಆಗೋದಾಗಿದ್ರೆ ಮೊದಲೇ ಆಗಬಾರದಿತ್ತಾ?"

ಹೇಳಿಬಿಡಬೇಕು ಅನ್ನಿಸಿತು. ಬಾಯಿ ತೆರೆದು ಮುಚ್ಚಿಕೊಂಡೆ. ಅವನು ಅದನ್ನೂ ಓದಲು ನೋಡಿದ, ಆದರೆ ಅದರಲ್ಲಿ ಅಕ್ಷರಗಳಿರಲಿಲ್ಲ. ಅಲ್ಲಿಯವರೆಗೆ ನಾನು, ಈ ಮನುಷ್ಯನಿಗೆ ನೋವಾಗಿದೆ, ನೋವಿನಿಂದ ಆಸೆ ಹುಟ್ಟಿದೆ ಎಂದುಕೊಂಡಿದ್ದೆ. ಆ ದಿನ ಅನುಮಾನ ಬಂತು. ಆಸೆಯೇ ಮೊದಲು ಬಂದು, ಒಂಟಿಯಾಗಿ ನಿಲ್ಲಲು ನಾಚಿಕೆಯಾಗಿ, ಜೊತೆಗಿರಲೆಂದು ನೋವುಗಳನ್ನು ಒಂದೊಂದಾಗಿ ಕೂಡಿಹಾಕಿಕೊಂಡಿತೋ ಏನೋ. ನಾವು ಜೊತೆಗಾರರನ್ನೆಲ್ಲ ಕಳಿಸಿಬಿಟ್ಟಿದ್ದೆವು. ಈಗ ಅದು ಒಬ್ಬಂಟಿಯಾಗಿ ಅವನೊಳಗೆ ನಿಂತಿತ್ತು, ಮುಖ ತೋರಿಸಿಕೊಂಡು.

ಶನಿವಾರ ಮಧ್ಯಾಹ್ನ ಪ್ರೆಸ್ಸುಗಳು ನಿಂತವು. ಅಚ್ಚಣ್ಣನ ಕುರ್ಚಿ ಖಾಲಿ. ಅಚ್ಚು ಇಡುವ ಕಪಾಟಿನಲ್ಲಿ ಎಣ್ಣೆಬಟ್ಟೆ ಮಾತ್ರ, ಗುಂಡಗಿನ ಆಕಾರವನ್ನು ಇನ್ನೂ ಉಳಿಸಿಕೊಂಡು ಬಿದ್ದಿತ್ತು.

"ಹೋಗೇಬಿಟ್ಟ!" ಎಂದಳು ದಾರದಕ್ಕ. "ಊಟಕ್ಕೆ ಕಾದಿದ್ದೂ ದಂಡ."

ಭಾವ ಬಾಗಿಲಿಗೆ ಓಡಿದ. ದೊಡ್ಡಮ್ಮ ಕೈ ಅಡ್ಡ ಹಿಡಿದಳು. "ಕಿತ್ಕೊಂಡು ಬಂದ್ರೆ ಕಬ್ಬಿಣ ಬರುತ್ತೆ. ಮನುಷ್ಯ ಬರಲ್ಲ. ಕಿಟಕಿಗೆ ಬನ್ನಿ."

ಎಲ್ಲರೂ ಕಿಟಕಿಗೆ ಸೇರಿದೆವು. ಬೇಕರಿಯಲ್ಲಿ ಅದೇ ಮೇಜು. ಅಚ್ಚಣ್ಣನ ಬೆನ್ನು, ಕನ್ನಡಿಯಲ್ಲಿ ಅವನ ಮುಖ, ಎದುರಿಗೆ ಮೀಸೆ. ಮೀಸೆಯ ಪಕ್ಕದಲ್ಲಿ ಇವತ್ತು ಇನ್ನೊಬ್ಬ, ಕರಿಯ ಕೋಟಿನ ವಕೀಲ, ಪೆನ್ನು ಬಿಚ್ಚಿಕೊಂಡು. ಮೇಜಿನ ಮೇಲೆ ಭಾರದ ಬಟ್ಟೆಚೀಲ. ಅಚ್ಚಣ್ಣ ಎರಡು ಕೈಯನ್ನೂ ಅದರ ಮೇಲಿಟ್ಟಿದ್ದ. ಮೀಸೆಯ ಹಿಂದಿನ ಮಾತು ನಮಗೆ ಓದಲಾಗುತ್ತಿರಲಿಲ್ಲ. ವಕೀಲನ ಮಾತು ಸಣ್ಣ ಬಾಯಿಯದು, ಅಲ್ಲೊಂದು ಇಲ್ಲೊಂದು ಸಿಗುತ್ತಿತ್ತು. ದಾರದಕ್ಕ ದೊಡ್ಡಮ್ಮನ ಕಿವಿಗೆ ಓದಿದಳು.

"ವಕೀಲ ಕೇಳ್ತಿದಾನೆ… ನಾಳೆ ಕೇಸಾದ್ರೆ… ಅಲ್ಲಿ ಕಿರುಕುಳ ಕೊಟ್ರು ಅದಕ್ಕೆ ಬಿಟ್ಟೆ ಅಂತ ಹೇಳಬೇಕು… ಏನೇನು ಮಾಡಿದ್ರು, ಹೇಳಿ."

ಅಚ್ಚಣ್ಣ ಬಾಯಿ ತೆರೆದ.

"'ಸ್ಟೂಲು… ಸ್ಟೂಲಿತ್ತು. ಈಗ ಕುರ್ಚಿ ಕೊಟ್ಟಿದಾರೆ.' ವಕೀಲ: ಸರಿ, ಬೇರೆ? 'ಊಟಕ್ಕೆ ಕಾಯ್ತಿರಲಿಲ್ಲ. ಈಗ ಕಾಯ್ತಾರೆ. ನಾನು ಬೇಕಂತ ತಡ ಮಾಡಿದ್ರೂ ಕಾಯ್ತಾರೆ.' ಅಯ್ಯೋ ಇವನ, ಬೇಕಂತ ಮಾಡಿದ್ದಾ!" ದಾರದಕ್ಕ ಹಲ್ಲು ಕಡಿದಳು. "'ಫೋಟೋ… ಹಾಕಿದಾರೆ. ಸೂಪರ್‌ವೈಸರ್ ರೂಮು… ಅಲ್ಲೂ ಕೂತಿದ್ದೆ.'"

ವಕೀಲ ಪೆನ್ನಿಗೆ ಮುಚ್ಚಳ ಹಾಕಿ ಮೀಸೆಯ ಕಡೆ ನೋಡಿದ. ಮೀಸೆ ಅಲ್ಲಾಡಿತು. ಹಾಗಾದರೆ ಯಾಕೆ ಬಿಡುತ್ತಿದ್ದೀಯ ಎಂದು ಕೇಳಿದ್ದನ್ನು ತಿಳಿಯಲು ಅದನ್ನು ಓದಬೇಕಾಗಿರಲಿಲ್ಲ. ಅಚ್ಚಣ್ಣ ಚೀಲವನ್ನು ನೋಡಿದ. ಆಮೇಲೆ ಜೀವನದಲ್ಲೇ ದೊಡ್ಡ ಗುಟ್ಟನ್ನು ಹೇಳುವವನಂತೆ ತುಟಿಯನ್ನು ಅಗಲಿಸಿದ. ಅದನ್ನು ದಾರದಕ್ಕ ಓದಬೇಕಾಗಲಿಲ್ಲ. ನಮಗೆಲ್ಲರಿಗೂ ತಿಳಿಯಿತು.

"ನನಗೆ ಇನ್ನೂ ಬೇಕು."

ಅಷ್ಟೆ. ಎಷ್ಟು ಸರಳವಾಗಿತ್ತೆಂದರೆ, ಅವನ ಮೇಲೆ ಸಿಟ್ಟು ಬರಲು ಒಂದು ಕ್ಷಣ ತಡವಾಯಿತು.

ಮೀಸೆ ಮತ್ತೆ ಅಲ್ಲಾಡಿತು. ಅಚ್ಚಣ್ಣ ಇಲ್ಲವೆಂದು ಜೋರಾಗಿ ತಲೆಯಾಡಿಸಿದ. "'ನಿಮಗೆ ಹೀಗೆ ಮಾಡಲ್ಲ ಸಾಹುಕಾರ್ರೆ,'" ಎಂದು ಓದಿದಳು ದಾರದಕ್ಕ. "'ನಿಮಗೆ ಯಾಕೆ ಮಾಡ್ತೀನಿ?'" ಒಂದು ಕ್ಷಣ ಬಿಟ್ಟು, ನಿಧಾನವಾಗಿ: "'ಅಮ್ಮನಿಗೂ ಮಾಡಲ್ಲ ಅಂತಲೇ ಅಂದ್ಕೊಂಡಿದ್ದೆ.'"

ಮೀಸೆ ಸಾಹುಕಾರ ಹಿಂದಕ್ಕೆ ಒರಗಿದ. ಜೇಬಿನಿಂದ ನೋಟಿನ ಕಟ್ಟು ತೆಗೆದು ಮೇಜಿನ ಮೇಲಿಟ್ಟು, ಚೀಲದ ಕಡೆ ಬೆರಳು ತೋರಿಸಿದ. ಆಮೇಲೆ ಅಚ್ಚಣ್ಣನ ಕಡೆ ಬೆರಳು ತೋರಿಸಿ, ಕೈಯನ್ನು ಬೇಡವೆಂಬಂತೆ ಆಡಿಸಿದ.

"ಅಚ್ಚು ಸಾಕಂತೆ. ಇವನು ಬೇಡವಂತೆ," ಎಂದ ಭಾವ. ತುಟಿ ಓದಲು ಬಾರದವನಿಗೂ ಅದು ಅರ್ಥವಾಗಿತ್ತು.

ಅಚ್ಚಣ್ಣ ಕಟ್ಟನ್ನು ನೋಡಿದ. ಬಲಗೈ ಚೀಲದಿಂದ ಎದ್ದು ಕಟ್ಟಿನವರೆಗೆ ಹೋಯಿತು. ಅಲ್ಲಿ ಇಟ್ಟುಕೊಂಡೇ, ಏನೋ ಲೆಕ್ಕ ಹಾಕುವವನಂತೆ, ಮುಖವೆತ್ತಿದ. ಎದುರಿಗೆ ಕನ್ನಡಿ. ಅದರಲ್ಲಿ ಅವನ ಮುಖ. ಅವನ ಮುಖದ ಹಿಂದೆ ಬೇಕರಿಯ ಗಾಜು. ಗಾಜಿನ ಹಿಂದೆ ರಸ್ತೆ. ರಸ್ತೆಯ ಆಚೆ ಒಂದು ಕಿಟಕಿ. ಆ ಕಿಟಕಿಯ ತುಂಬ ನಮ್ಮ ಮುಖಗಳು.

"ಇನ್ನೂ ಎಷ್ಟು?" ಎಂದು ಮೀಸೆಯನ್ನು ಕೇಳಲು ಅವನ ತುಟಿ ಅಲ್ಲಾಡಿತು. ಅದೇ ಕ್ಷಣ, ಕಿಟಕಿಯಲ್ಲಿದ್ದ ಅಷ್ಟೂ ಬಾಯಿಗಳು 'ಇನ್ನೂ ಎಷ್ಟು' ಎಂದು ಅಲ್ಲಾಡಿದ್ದನ್ನು ಅವನು ಕಂಡ.

ಅವನು ತಿರುಗಲಿಲ್ಲ. ಕನ್ನಡಿಯನ್ನೇ ನೋಡುತ್ತ ಕೂತ. ರಸ್ತೆಯಲ್ಲಿ ಒಂದು ಲಾರಿ ಬಂದು ನಮ್ಮ ನಡುವೆ ಹಾದುಹೋಯಿತು. ಲಾರಿ ಸರಿದಾಗಲೂ ಅವನು ಹಾಗೇ ಇದ್ದ. ಆಮೇಲೆ ಕನ್ನಡಿಗೇ, ಬಹಳ ಸಣ್ಣ ತುಟಿಯಲ್ಲಿ ಕೇಳಿದ: "ಯಾವಾಗಿನಿಂದ?"

ದಾರದಕ್ಕ ಕಿಟಕಿಯ ಸರಳು ಹಿಡಿದು ಉತ್ತರಿಸಿದಳು, ತುಟಿಯಲ್ಲೇ. "ಮೊದಲನೇ ಕೇಕಿನಿಂದ."

"ನಾನು ಬೈದಿದ್ದೆಲ್ಲ?"

"ಒಂದೂ ಬಿಡದೆ."

"ತೇಗಿದ್ದು?"

"ಅದನ್ನೂ."

"ಆ ದಿಂಬು…"

"ನಾನೇ ಹೊಲಿದಿದ್ದು. ಎರಡು ಸಲ."

ಅಚ್ಚಣ್ಣ ಕನ್ನಡಿಯ ಕಡೆಗೆ ಇನ್ನಷ್ಟು ಬಾಗಿದ. "ಎಲ್ಲಾ ಗೊತ್ತಿದ್ದೂ ಊಟಕ್ಕೆ ಕಾದ್ರಾ?"

"ಹಸಿವಾಗ್ತಿತ್ತು. ಆದ್ರೂ ಕಾದ್ವಿ. ಇವತ್ತೂ ಯಾರೂ ತಿಂದಿಲ್ಲ."

ವಕೀಲನಿಗೆ ಗಾಬರಿಯಾಗಿತ್ತು. ಎದುರಿಗೆ ಕೂತ ಮನುಷ್ಯ ನೋಟಿನ ಕಟ್ಟಿನ ಮೇಲೆ ಕೈಯಿಟ್ಟು, ದನಿಯಿಲ್ಲದೆ, ಗೋಡೆಯ ಜೊತೆ ಮಾತಾಡುತ್ತಿದ್ದಾನೆ. ಅವನು ತನ್ನ ತಟ್ಟೆಯ ಸಮೇತ ಕುರ್ಚಿಯನ್ನು ಒಂದಿಷ್ಟು ದೂರಕ್ಕೆ ಎಳೆದುಕೊಂಡ. ಮೀಸೆ ಸಾಹುಕಾರ ಮಾತ್ರ ಬೀದಿಯ ಕಡೆ ಕಣ್ಣೆತ್ತಿ ನಮ್ಮ ಕಿಟಕಿಯನ್ನು ಕಂಡ. ಅಲ್ಲಿ ಒಂದು ಕಾರ್ಖಾನೆಯಷ್ಟು ಜನ ಅವನನ್ನೇ ನೋಡುತ್ತ, ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದರು. ಅವನ ಕೈ ತಾನಾಗಿ ಮೀಸೆಯನ್ನು ಮುಚ್ಚಿತು.

"ಏನಂತಾನೆ? ಏನಂತಾನೆ?" ಎಂದು ದೊಡ್ಡಮ್ಮ ಚಡಪಡಿಸುತ್ತಿದ್ದಳು. ದಾರದಕ್ಕ ಹೇಳಿದಳು. ದೊಡ್ಡಮ್ಮ ಎಲ್ಲರನ್ನೂ ಸರಿಸಿ ಮುಂದೆ ಬಂದಳು. ಅವನು ಕಾಣದಿದ್ದರೂ, ಅವನಿರಬಹುದಾದ ಕಡೆಗೆ ಮುಖ ಮಾಡಿ, ಅಷ್ಟು ವರ್ಷ ಪ್ರೆಸ್ಸುಗಳ ನಡುವೆ ಮಾತಾಡಿದ ಬಾಯಿಯಿಂದ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು: "ಮಾರೋದಾದ್ರೆ ಬೇಗ ಮಾರು. ಬರೋದಾದ್ರೆ ಬೇಗ ಬಾ. ಊಟ ಆರ್ತಿದೆ."

ಅಚ್ಚಣ್ಣ ಕೈಯನ್ನು ಕಟ್ಟಿನ ಮೇಲಿಂದ ತೆಗೆದದ್ದು ಒಮ್ಮೆಲೇ ಅಲ್ಲ. ಬೆರಳುಗಳು ಒಂದೊಂದಾಗಿ ಎದ್ದವು. ಕಿರುಬೆರಳು ಕೊನೆಯವರೆಗೂ ಅಲ್ಲೇ ಇತ್ತು. ಆಮೇಲೆ ಎದ್ದು ನಿಂತು, ಎರಡು ಕೈಯಲ್ಲಿ ಚೀಲ ಎತ್ತಿಕೊಂಡ.

ಅವನು ರಸ್ತೆ ದಾಟಿ ಮೆಟ್ಟಿಲು ಹತ್ತಿ ಬರುವುದು ಕೇಳಿಸುತ್ತಿತ್ತು. ಬಂದು ಬಾಗಿಲಲ್ಲಿ, ತನ್ನದೇ ಫೋಟೋದ ಪಕ್ಕ, ಅದೇ ಭಂಗಿಯಲ್ಲಿ ನಿಂತ. ದೊಡ್ಡಮ್ಮ ಎರಡೂ ಕೈ ಚಾಚಿದಳು. ಅವನು ಚೀಲವನ್ನು ಅವಳ ಕೈಗಿಟ್ಟ. ಅವಳು ಅದನ್ನು ಹಾಗೇ ಭಾವನ ಕೈಗೆ ದಾಟಿಸಿದಳು.

"ಅಳಿಯಂದ್ರೇ, ಸೋಮವಾರದಿಂದ ಇದನ್ನ ಕೂರಿಸೋದು ನೀವು ಕಲೀಬೇಕು. ಕಲಿಸೋದು ಇವನು."

ಅದರ ಅರ್ಥ ಅಚ್ಚಣ್ಣನಿಗೆ ತಟ್ಟನೆ ಹೊಳೆಯಿತು. ಮುಖದ ಬಣ್ಣ ಇಳಿಯಿತು. "ಅಂದ್ರೆ ಅಮ್ಮಾ… ಇನ್ನು ನನ್ನ ಬೆಲೆ…"

"ಹೌದು. ಕಮ್ಮಿ ಆಗುತ್ತೆ. ಮಾರೋಕೆ ಹೋದವನು ನೀನೇ ತಾನೆ? ಸೂಪರ್‌ವೈಸರ್ ರೂಮು ಅಳಿಯಂದ್ರಿಗೆ ವಾಪಸ್. ಕುರ್ಚಿ ನಿನ್ನದೇ. ಫೋಟೋನೂ ಇರಲಿ, ನೀನು ಮುಚ್ಚಳ ಮಾಡಿದ್ದು ಸುಳ್ಳಲ್ಲ."

ಅವನು ತಲೆ ತಗ್ಗಿಸಿದ. ಅಳುತ್ತಾನೇನೋ ಎಂದು ನಾವೆಲ್ಲ ಹೆದರಿದೆವು. ಆಮೇಲೆ, ನೆಲ ನೋಡುತ್ತಲೇ, ಈ ಸಲ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಕೇಳಿದ:

"ಕಲಿಸೋದಕ್ಕೆ ಬೇರೆ ಸಂಬಳ ಇದೆಯಾ ಅಮ್ಮಾ?"

ಮೊದಲು ನಕ್ಕದ್ದು ಭಾವ, ಒಡೆದ ಗಂಟಲಿನಲ್ಲಿ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ದಾರದಕ್ಕ ನಕ್ಕು ನಕ್ಕು ಕಟ್ಟುಗಳ ಮೇಲೆ ಕೂತುಬಿಟ್ಟಳು.

"ಇದೆ ಕಣಯ್ಯಾ," ಎಂದಳು ದೊಡ್ಡಮ್ಮ ಕಣ್ಣೊರೆಸಿಕೊಂಡು. "ಬಾಯಿಬಿಟ್ಟು ಕೇಳಿದ್ಯಲ್ಲ, ಅದಕ್ಕೇ ಇದೆ. ನೀನು ಕೇಳಿದಷ್ಟು ಕೊಡಲ್ಲ. ಕೂತು ಜಗಳ ಆಡೋಣ. ಮೊದಲು ಉಣ್ಣು."

ಸೋಮವಾರ ಭಾವ ತೋಳು ಮಡಿಚಿ ಪ್ರೆಸ್ಸಿನ ಮುಂದೆ ನಿಂತ. ಅಚ್ಚಣ್ಣ ಅವನ ಅಂಗೈಯನ್ನು ಹಿಡಿದು ಪ್ರೆಸ್ಸಿನ ಪಕ್ಕಕ್ಕೆ ಒತ್ತಿದ. "ಕಣ್ಣು ಮುಚ್ಚಿ. ಕೂಗಬೇಡಿ. ಅದು ಹೇಳೋದನ್ನ ಕೇಳಿ," ಎಂದು ತುಟಿಯಲ್ಲಿ ಹೇಳಿದ. ಕಣ್ಣು ಮುಚ್ಚಿದವನಿಗೆ ತುಟಿ ಕಾಣುವುದಿಲ್ಲ ಎಂದು ಹೊಳೆದು, ಕಿವಿಯ ಹತ್ತಿರ ಬಾಗಿ ಕೂಗಿದ. ಪ್ರೆಸ್ಸು ಎದ್ದು ಬಿತ್ತು. ಮೊದಲ ಮುಚ್ಚಳ ಸೊಟ್ಟಗೆ, ಕಿವಿಯ ಆಕಾರದಲ್ಲಿ ಹೊರಗೆ ಬಂತು.

ಅಚ್ಚಣ್ಣ ಅದನ್ನು ಎರಡು ಬೆರಳಲ್ಲಿ ಎತ್ತಿ, ಪ್ರೆಸ್ಸಿನಿಂದ ಪ್ರೆಸ್ಸಿಗೆ ಹೋಗಿ ಒಬ್ಬೊಬ್ಬರಿಗೂ ತೋರಿಸಿದ. ಅಳಿಯಂದಿರ ಕೈ ಮರದ್ದು, ಇಂಥವರಿಗೆ ಕಲಿಸುವ ಗ್ರಹಚಾರ ತನಗೇ ಯಾಕೆ ಬಂತು, ಇದಕ್ಕೆ ಎಷ್ಟು ಕೊಟ್ಟರೂ ಕಡಿಮೆ ಎಂದು ತುಟಿಯನ್ನು ಹಿಗ್ಗಿಸಿ ಹಿಗ್ಗಿಸಿ ಹೇಳಿಕೊಂಡ. ಅಷ್ಟು ಸಂತೋಷವಾಗಿ ಅವನು ದೂರಿದ್ದನ್ನು ನಾನು ನೋಡಿರಲೇ ಇಲ್ಲ. ಕೊನೆಯ ಪ್ರೆಸ್ಸು ತಲುಪುವ ಹೊತ್ತಿಗೆ ಭಾವ ಎರಡನೆಯ ಮುಚ್ಚಳ ಒತ್ತಿದ್ದ. ಅದು ಸ್ವಲ್ಪ ಕಡಿಮೆ ಸೊಟ್ಟಗಿತ್ತು.